ಮೂರನೇ ಸಲಕ್ಕೆ ಕೈಗೆ ಸಿಕ್ಕ ಕಾರಂಜಿ

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿದ್ದಾಗ ಭಾನುವಾರ ಸ್ಕೆಚ್ ಪುಸ್ತಕ ಹಿಡಿದು ಹಳೇ ಪೇಟೆಯ ಚೌಕಕ್ಕೆ ಹೋಗುತ್ತಿದ್ದೆ. ಅಲ್ಲಿರುವುದು ‘ಶೋನರ್ ಬ್ರುನ್ನೆನ್’, ಅಂದರೆ ಚೆಂದದ ಕಾರಂಜಿ. ನೀರು ಎತ್ತರಕ್ಕೆ ಚಿಮ್ಮುತ್ತದೆ ಅಂದುಕೊಂಡಿದ್ದೆ. ನೋಡಿದರೆ ಸುಮಾರು 19 ಮೀಟರ್ ಎತ್ತರದ ಕಲ್ಲಿನ ಗೋಪುರ! ಮೇಲೆ ಹೋದಂತೆ ಚೂಪಾಗುತ್ತದೆ, ಮೈತುಂಬ ಬಣ್ಣ, ಚಿನ್ನದ ಲೇಪ. ನನಗೆ ನಮ್ಮೂರ ತೇರು ನೆನಪಾಯಿತು.

ಮೊದಲ ಸಲ ಕೆಳಗಿನ ತೊಟ್ಟಿಯಿಂದ ಶುರು ಮಾಡಿದೆ. ಗೋಪುರದಲ್ಲಿ 40 ಮೂರ್ತಿಗಳಿವೆ. ಒಂದೊಂದರ ಮೂಗು, ಗಡ್ಡ ಬಿಡಿಸುತ್ತಾ ಕೂತೆ. ಅರ್ಧ ಗೋಪುರಕ್ಕೇ ಹಾಳೆ ಮುಗಿಯಿತು. ಎರಡನೇ ಸಲ ಸುತ್ತಲಿನ ಕಬ್ಬಿಣದ ಜಾಲರಿಯನ್ನೇ ಮೊದಲು ಬರೆದೆ. ಅದರ ಹಿಂದಿನದೆಲ್ಲ ಕಲಸುಮೇಲೋಗರ.

ಮೂರನೇ ಸಲ ತೇರು ಬಿಡಿಸುವ ಹಾಗೆ ಬಿಡಿಸಿದೆ. ಚೌಕದ ಪೂರ್ವಕ್ಕಿರುವ ಫ್ರೌಯೆನ್‌ಕಿರ್ಖೆ ಚರ್ಚ್ ಕಡೆ ಹಿಂದೆ ಸರಿದು ಕೂತೆ. ಹತ್ತಿರವಿದ್ದರೆ ಕತ್ತು ನೋಯುತ್ತದೆ, ತುದಿಯೂ ಕುಗ್ಗಿ ಕಾಣುತ್ತದೆ. ಮೊದಲು ಹಾಳೆಯ ಮೇಲ್ತುದಿಯಲ್ಲಿ ಕಲಶಕ್ಕೊಂದು ಚುಕ್ಕೆ, ಕೆಳಗೆ ತೊಟ್ಟಿಗೊಂದು ಗೆರೆ, ನಡುವೆ ನೇರ ಗೆರೆ. ಕೈ ನೀಡಿ ಪೆನ್ಸಿಲ್‌ನಲ್ಲಿ ಅಂತಸ್ತುಗಳನ್ನು ಅಳೆದೆ. ಗೋಪುರಕ್ಕೆ ಎಂಟು ಮುಖ. ಎದುರಿನದನ್ನು ಅಗಲವಾಗಿ, ಪಕ್ಕದವನ್ನು ಕಿರಿದಾಗಿ ಎಳೆದರೆ ಸಾಕು, ದುಂಡು ತಾನೇ ಬರುತ್ತದೆ. ಮೂರ್ತಿಗಳಿಗೆ ತಲೆಯ ಚುಕ್ಕೆ, ನಿಲುವಂಗಿಯ ಒಂದು ಗೆರೆ ಅಷ್ಟೆ.

ಅಷ್ಟರಲ್ಲಿ ಮಧ್ಯಾಹ್ನ 12 ಹೊಡೆಯಿತು. ಚರ್ಚಿನ ಗಡಿಯಾರದಲ್ಲಿ ಏಳು ಬೊಂಬೆಗಳು ಚಕ್ರವರ್ತಿಗೆ ಸುತ್ತು ಬಂದವು. ಇವರು ಚಕ್ರವರ್ತಿಯನ್ನು ಆರಿಸುತ್ತಿದ್ದ ಏಳು ಪ್ರಭುಗಳು. ಕಾರಂಜಿಯಲ್ಲೂ ಇದೇ ಏಳು ಜನ ಇದ್ದಾರೆ! ಹಾಗಾಗಿ ಎದುರಿಗೆ ಕಂಡ ಒಬ್ಬ ಪ್ರಭುವಿಗೆ ಮಾತ್ರ ಮುಖ ಬರೆದೆ.

ಅಂದಹಾಗೆ, ಈಗ ನಿಂತಿರುವುದು 20ನೇ ಶತಮಾನದ ಶುರುವಿನ ನಕಲು. 1385ರಿಂದ 1396ರಲ್ಲಿ ಕಟ್ಟಿದ ಮೂಲ ಕಾರಂಜಿಯ ಕಲ್ಲು ಸವೆದುಹೋಗಿತ್ತು. ಉಳಿದ ತುಣುಕುಗಳು ಅದೇ ಊರಿನ ಜರ್ಮಾನಿಕ್ ನ್ಯಾಷನಲ್ ಮ್ಯೂಸಿಯಂನಲ್ಲಿವೆ. ಆ ಸವೆದ ಮುಖಗಳನ್ನು ಬಿಡಿಸುವುದೇ ನನಗೆ ಜಾಸ್ತಿ ಇಷ್ಟ. ಹೊಸದು ತೀರಾ ನೀಟು ಅನಿಸುತ್ತದೆ.

ಬಣ್ಣ ಒಣಗಿದ ಮೇಲೆ ಜಾಲರಿಯನ್ನು ಬಿಳಿ ಪೆನ್ನಿನಲ್ಲಿ ಎಳೆದೆ. ಹಿಂದೆ ನಿಂತು ನೋಡುತ್ತಿದ್ದ ಅಜ್ಜಿಯೊಬ್ಬರು, “ಉಂಗುರ ಎಲ್ಲಿ?” ಅಂದರು. ಜಾಲರಿಯಲ್ಲಿ ತಿರುಗುವ ಉಂಗುರವಿದೆ, ತಿರುಗಿಸಿದರೆ ಅಂದುಕೊಂಡಿದ್ದು ಆಗುತ್ತದಂತೆ. ನಾನು ಕೂತ ಕಡೆಯಿಂದ ಅದು ಕಾಣುತ್ತಿರಲಿಲ್ಲ. ಆದರೂ ಸುಮ್ನೆ ಒಂದು ಹಳದಿ ಸೊನ್ನೆ ಹಾಕಿದೆ.