ರೆಸಿನ್ ಬಕೆಟ್ ಎತ್ತಿಕೊಳ್ಳುವ ಮೊದಲು

ಗಾಳಿಯಂತ್ರದ ಬ್ಲೇಡ್ ತಯಾರಿಸುವ ಕರಾವಳಿಯ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಲ್ಯಾಮಿನೇಷನ್ ಮೇಲ್ವಿಚಾರಕನಾಗಿದ್ದೆ. ಗಾಜಿನ ನಾರಿನ ಬಟ್ಟೆಯ ಪದರಗಳನ್ನು ರೆಸಿನ್ ಎಂಬ ಅಂಟಿನಿಂದ ಒಂದಾಗಿಸುವ ಕೆಲಸವದು. ಐಟಿಐ ಮುಗಿಸಿ ಹೊಸದಾಗಿ ಬರುವವರಿಗೆ ಮೊದಲ ದಿನ ಹೇಳುತ್ತಿದ್ದ ಮಾತುಗಳಿವು.

ಎಲ್ಲಕ್ಕಿಂತ ಮೊದಲು ನಿಮ್ಮ ಚರ್ಮ. ಗಟ್ಟಿಯಾಗದ ಎಪಾಕ್ಸಿ ರೆಸಿನ್ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಮೈಗೆ ತಾಗಿದರೆ ಎಷ್ಟೋ ಸಲ ಆಗ ಏನೂ ಅನ್ನಿಸುವುದಿಲ್ಲ. ಹಾರ್ಡನರ್ ಕೆಲವೊಮ್ಮೆ ಚರ್ಮವನ್ನು ಸುಡಲೂಬಹುದು, ಆದರೆ ಉರಿ, ನೋವು ಇಲ್ಲವೆಂದು ಮೈಮರೆಯಬೇಡಿ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದು ದಿನ ಅಲರ್ಜಿ ಶುರುವಾಗುತ್ತದೆ. ಒಮ್ಮೆ ಬಂತೆಂದರೆ ಸಾಮಾನ್ಯವಾಗಿ ಬದುಕಿಡೀ ಬಿಡುವುದಿಲ್ಲ. ಆಮೇಲೆ ಒಂದು ಹನಿ ಸೋಕಿದರೂ ತುರಿಕೆ ಏಳುತ್ತದೆ. ನನ್ನ ತಂಡದ ಇಪ್ಪತ್ಮೂರರ ಹುಡುಗನೊಬ್ಬನಿಗೆ ಕೈಗಿಂತ ಮೊದಲು ರೆಪ್ಪೆಗಳು ಊದಿದವು. ಕೊಳಕು ಗವಸಿನಲ್ಲೇ ಕನ್ನಡಕ ಸರಿಪಡಿಸಿಕೊಳ್ಳುವುದು ಅವನ ಅಭ್ಯಾಸವಾಗಿತ್ತು.

ನೈಟ್ರೈಲ್ ಎಂಬ ಕೃತಕ ರಬ್ಬರಿನ ಗವಸನ್ನೇ ಕೇಳಿ ಪಡೆಯಿರಿ. ತೆಳು ಲ್ಯಾಟೆಕ್ಸ್ ಗವಸು ಎಪಾಕ್ಸಿಯನ್ನು ತಡೆಯುವುದಿಲ್ಲ. ನಮ್ಮ ಸೆಕೆಯಲ್ಲಿ ಗವಸಿನೊಳಗೆ ಬೆವರು ತುಂಬುತ್ತದೆ, ಕಳಚಿ ಎಸೆಯಬೇಕೆನ್ನಿಸುತ್ತದೆ. ಒಳಗೆ ತೆಳುವಾದ ಹತ್ತಿ ಗವಸು ಹಾಕಿಕೊಂಡರೆ ತಾಳಿಕೊಳ್ಳಬಹುದು. ರೆಸಿನ್ ಬಿದ್ದ ಗವಸನ್ನು ಕೂಡಲೇ ಬದಲಿಸಿ, ಒಳಮೈ ಹೊರಗೆ ಬರುವಂತೆ ಕಳಚಿ. ರೆಸಿನ್ ಕೈಗೆ ಅಂಟಿದರೆ ಅಸಿಟೋನ್ ಎಂಬ ದ್ರಾವಕವನ್ನು ಮುಟ್ಟಲೇಬೇಡಿ. ಅದು ಚರ್ಮದ ಜಿಡ್ಡನ್ನು ತೆಗೆದು ರೆಸಿನ್ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ. ಒರೆಸಿ, ಸೋಪು ನೀರಿನಲ್ಲಿ ತೊಳೆಯಿರಿ.

ಮಿಶ್ರಣವನ್ನು ತೂಕ ಮಾಡಿಯೇ ಬೆರೆಸಿ. ನಮ್ಮಲ್ಲಿ ನೂರು ಪಾಲು ರೆಸಿನ್‌ಗೆ ಮೂವತ್ತು ಪಾಲು ಹಾರ್ಡನರ್ ಇತ್ತು. ನಿಮ್ಮದು ಡ್ರಮ್ಮಿನ ಮಾಹಿತಿ ಹಾಳೆಯಲ್ಲಿರುತ್ತದೆ. ಕಣ್ಣಳತೆಯಲ್ಲಿ ಬೆರೆಸಿದರೆ ಪದರ ಅಂಟಂಟಾಗಿಯೇ ಉಳಿಯುತ್ತದೆ. ಅದನ್ನು ಕಿತ್ತು ಎಸೆಯಬೇಕು, ಕೀಳುವವನು ಪೂರ್ತಿ ಗಟ್ಟಿಯಾಗದ ರೆಸಿನ್ನಿನ ದೂಳನ್ನು ಮೈಮೇಲೆ ಹಾಕಿಕೊಳ್ಳಬೇಕು. ಬೇಕಾದಷ್ಟನ್ನೇ ಬೆರೆಸಿ. ಬಕೆಟ್‌ನಲ್ಲಿ ಉಳಿದ ಮಿಶ್ರಣ ತನ್ನ ಬಿಸಿಯಲ್ಲೇ ಕುದಿದು ಹೊಗೆಯಾಡುತ್ತದೆ, ಬೆಂಕಿಯೂ ಹತ್ತಬಹುದು. ಬಿಸಿಯಾಗುವ ಮೊದಲೇ ಅಗಲವಾದ ಲೋಹದ ತಟ್ಟೆಗೆ ತೆಳುವಾಗಿ ಸುರಿದು, ಗಾಳಿಯಾಡುವ ಜಾಗದಲ್ಲಿ ಗಟ್ಟಿಯಾಗಲು ಬಿಡಿ. ಮುಚ್ಚಳ ಹಾಕಬೇಡಿ, ಕಸದ ಡಬ್ಬಿಗೆ ಸುರಿಯಬೇಡಿ.

ನನಗೆ ಅತ್ಯಂತ ಮುಖ್ಯವೆನ್ನಿಸುವುದು ಗಾಳಿ ಸೋರಿಕೆಯ ಪರೀಕ್ಷೆ. ಅಚ್ಚಿನ ಮೇಲೆ ಗಾಜಿನ ನಾರಿನ ಬಟ್ಟೆ, ಬಾಲ್ಸಾ ಎಂಬ ಹಗುರ ಮರ ಹಾಸಿ ಪ್ಲಾಸ್ಟಿಕ್ ಹೊದಿಸಿ ಪಂಪಿನಿಂದ ಒಳಗಿನ ಗಾಳಿ ಎಳೆದ ಮೇಲೆ, ಪಂಪಿನ ಕವಾಟ ಮುಚ್ಚಿ ಮಾಪಕವನ್ನು ನೋಡುತ್ತಾ ನಿಲ್ಲಿ. ಮುಳ್ಳು ಸರಿಯಿತೆಂದರೆ ಎಲ್ಲೋ ತೂತಿದೆ. ನಾನು ಊಟದ ವಿರಾಮದಲ್ಲಿ, ಶೆಡ್ ಸದ್ದಡಗಿದಾಗ, ಅಂಚಿನುದ್ದಕ್ಕೂ ಕಿವಿಯಿಟ್ಟು ನಡೆಯುತ್ತಿದ್ದೆ. ಸಣ್ಣ ಸೀಟಿಯಂತೆ ಕೇಳಿಸುತ್ತದೆ. ಒಳಗೆ ರೆಸಿನ್ ಹರಿಯಬಿಟ್ಟ ಮೇಲೆ ಗಾಳಿ ನುಗ್ಗಿದರೆ ಅಲ್ಲಿ ಬಟ್ಟೆಗೆ ರೆಸಿನ್ ಹಿಡಿಯದೆ ಒಣಗಿಯೇ ಉಳಿಯುತ್ತದೆ. ಆಮೇಲೆ ದಿನಗಟ್ಟಲೆ ಉಜ್ಜಿ, ಕತ್ತರಿಸಿ, ತೇಪೆ ಹಾಕಬೇಕು. ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಬಿಡಿಸಿ ಮರುಬಳಸಬಹುದಾದ ಹೊಸ ಬಗೆಯ ರೆಸಿನ್‌ನ ಬ್ಲೇಡ್‌ಗಳನ್ನು ಗಾಳಿಯಂತ್ರ ತಯಾರಿಸುವ ಸೀಮೆನ್ಸ್ ಗಮೇಸಾ ಕಂಪನಿ 2022ರಲ್ಲಿ ಜರ್ಮನಿಯ ಕಸ್ಕಾಸಿ ಕಡಲ ಗಾಳಿವಿದ್ಯುತ್ ಯೋಜನೆಯಲ್ಲಿ ಅಳವಡಿಸಿತು. ನಮ್ಮ ಅಚ್ಚುಗಳಿಗೆ ಬರುತ್ತಿದ್ದುದು ಹಳೆಯ ಬಗೆಯದೇ. ಕೆಟ್ಟ ತುಂಡೆಲ್ಲ ಕಸವೇ.

ಉಜ್ಜುವಾಗ ದೂಳು ಹೀರುವ ಕೊಳವೆ ಯಂತ್ರಕ್ಕೇ ಜೋಡಿಸಿರಲಿ. ಮೈಮೇಲಿನ ಬಟ್ಟೆಯ ದೂಳನ್ನು ಗಾಳಿಯ ಪೈಪಿನಿಂದ ಊದಿಕೊಳ್ಳಬೇಡಿ, ಪಕ್ಕದವರ ಉಸಿರಿಗೆ ಅದು ಹೋಗುತ್ತದೆ. ಬ್ಲೇಡಿನ ಒಳಗೆ ಒಬ್ಬರೇ ಇಳಿಯಬೇಡಿ.

ಗಾಜಿನ ನಾರಿನ ಬಟ್ಟೆಯ ಒಣ ಚೂರುಗಳನ್ನು ರೆಸಿನ್ ತಾಗಿದ ಕಸದೊಡನೆ ಬೆರೆಸಬೇಡಿ. ಶುದ್ಧವಾಗಿ ಇಟ್ಟರೆ ಕಲಿಯುವವರ ಅಭ್ಯಾಸಕ್ಕೆ ಸಾಕಷ್ಟಾಗುತ್ತವೆ.

ತುರಿಕೆ ಕಂಡ ದಿನವೇ ಹೇಳಿ, ದಾಖಲೆ ಪುಸ್ತಕದಲ್ಲಿ ಬರೆಸಿ, ಚರ್ಮದ ವೈದ್ಯರಿಗೆ ಯಾವ ರೆಸಿನ್ ಎಂಬುದನ್ನು ತಿಳಿಸಿ. ರೆಪ್ಪೆ ಊದಿದ ಆ ಹುಡುಗ ಗುತ್ತಿಗೆಯ ಕೂಲಿ ತಪ್ಪೀತೆಂದು ಎರಡು ತಿಂಗಳು ಮುಚ್ಚಿಟ್ಟಿದ್ದ. ನಾನು ದಿನವೂ ಅವನ ಮುಖ ನೋಡುತ್ತಿದ್ದೆ, ನಿದ್ದೆಗೆಟ್ಟಿದ್ದಾನೆ ಅಂದುಕೊಂಡಿದ್ದೆ. ಈಗ ಅವನು ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದಾನೆ. ಲ್ಯಾಮಿನೇಷನ್ ಶೆಡ್ಡಿನ ಬಾಗಿಲ ತನಕ ಬಂದು, ಹೊರಗೆ ನಿಂತೇ ಗೆಳೆಯರನ್ನು ಊಟಕ್ಕೆ ಕರೆಯುತ್ತಾನೆ.