ಪೆಡಲ್ ಬಿಟ್ಟರೂ ಬ್ರೇಕ್ ಬಿಡ್ತಿರಲಿಲ್ಲ: ನನ್ನ ಅನುಭವ

ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬಂದರೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ. ಆದರೆ ಉಜಿರೆ ದಾಟಿ ಎಷ್ಟೋ ದೂರ ಬಂದರೂ ವಾಸನೆ ಹೋಗಲಿಲ್ಲ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ತಾನಾಗಿಯೇ ನಿಧಾನ ಆಗ್ತಿತ್ತು, ಸ್ಟೀರಿಂಗ್ ಎಡಕ್ಕೆ ಎಳೀತಿತ್ತು. ಪಕ್ಕಕ್ಕೆ ನಿಲ್ಲಿಸಿ ಮುಂದಿನ ಎರಡೂ ಚಕ್ರದ ನಡುವಿಗೆ ನಾಲ್ಕು ಹನಿ ನೀರು ಚಿಮುಕಿಸಿದೆ. ಬಲಗಡೆಯದು ಅಷ್ಟರಲ್ಲಿ ತಣ್ಣಗಾಗಿತ್ತು. ಎಡಗಡೆಯದು ಚುಂಯ್ ಅಂತು.

ಎರಡು ತಿಂಗಳ ಹಿಂದೆ ಇದೇ ತೊಂದರೆಗೆ ಗ್ಯಾರೇಜಿನಲ್ಲಿ ಹೊಸ ಬ್ರೇಕ್ ಪ್ಯಾಡ್ ಹಾಕಿ, ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಸರಿದಾಡುವ ಪಿನ್ ಉಜ್ಜಿ ಗ್ರೀಸ್ ಹಚ್ಚಿ ಕೊಟ್ಟಿದ್ದರು. ಕರಾವಳಿಯ ಮಳೆಗೆ ಪಿನ್ ತುಕ್ಕು ಹಿಡಿಯುವುದು ಮಾಮೂಲಿ, ಹಾಗಾಗಿ ಮೊದಲು ಅದನ್ನೇ ನೋಡಿದ್ದು ತಪ್ಪಲ್ಲ. ಈ ಸಲ ಸುಮ್ನೆ ಇನ್ನೊಂದು ಪಾರ್ಟ್ ಬದಲಿಸುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಬೇಕು ಅನ್ನಿಸಿತು. ಹಿಡಿದುಕೊಂಡಿರುವುದು ಕಬ್ಬಿಣವಾ, ಎಣ್ಣೆಯಾ? ಪಿನ್ನೋ, ಪ್ಯಾಡ್ ತಳ್ಳುವ ಪಿಸ್ಟನ್ನೋ ತುಕ್ಕಿಗೆ ಕಚ್ಚಿಕೊಂಡಿದ್ದರೆ ಅದು ಒಂದು ಕಥೆ. ಒಳಗೆ ಬ್ರೇಕ್ ಆಯಿಲ್‌ನ ಒತ್ತಡ ವಾಪಸ್ ಹೋಗದೆ ಸಿಕ್ಕಿಕೊಂಡಿದ್ದರೆ ಬೇರೆಯೇ ಕಥೆ.

ಮರುದಿನ ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗ ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ದಯವಿಟ್ಟು. ಎಡಗಡೆ ಚಕ್ರ ಕೈಯಲ್ಲಿ ಆರಾಮಾಗಿ ತಿರುಗಿತು. ಮಗಳನ್ನು ಸೀಟಲ್ಲಿ ಕೂರಿಸಿ ಪೆಡಲ್ ಗಟ್ಟಿಯಾಗಿ ಒತ್ತಿ ಬಿಡು ಅಂದೆ. ಬಿಟ್ಟ ಮೇಲೂ ಚಕ್ರ ಅಲ್ಲಾಡಲಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಮೆಲ್ಲಗೆ ಬಿಟ್ಟಿತು. ಆ ‘ಮೆಲ್ಲಗೆ’ ನೋಡಿಯೇ ನನಗೆ ಅನುಮಾನ ಬಂದದ್ದು, ತುಕ್ಕು ಹಿಡಿದದ್ದು ತಾನಾಗಿ ಬಿಡುವುದಿಲ್ಲ ಅಲ್ವಾ?

ಮತ್ತೆ ಒತ್ತಿಸಿ, ಬಿಡಿಸಿ, ಈ ಸಲ ಕಾಯದೆ ಕ್ಯಾಲಿಪರ್‌ನ ಬ್ಲೀಡರ್ ನಿಪ್ಪಲ್‌ಗೆ (ಎಣ್ಣೆ, ಗಾಳಿ ಹೊರಬಿಡುವ ತಿರುಪು) ಸಣ್ಣ ಟ್ಯೂಬ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿದೆ. ಎಣ್ಣೆ ಚಿಮ್ಮಿ ಬಂತು, ಚಕ್ರ ತಕ್ಷಣ ಬಿಟ್ಟಿತು. ಅಂದರೆ ಪಿನ್, ಪಿಸ್ಟನ್ ಎರಡೂ ಸರಿ ಇವೆ. ನಿಪ್ಪಲ್ ಬಿಚ್ಚಿದ ಮೇಲೂ ಚಕ್ರ ಹಿಡಿದೇ ಇದ್ದಿದ್ದರೆ ಕ್ಯಾಲಿಪರ್ ಬಿಚ್ಚಬೇಕಿತ್ತು.

ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಲು ನಿಪ್ಪಲ್ ಬಿಗಿ ಮಾಡಿ ಮತ್ತೆ ಬ್ರೇಕ್ ಹಿಡಿಸಿದೆ. ಪೆಡಲ್ ಕಡೆಯಿಂದ ಬರುವ ಕಬ್ಬಿಣದ ಪೈಪು, ಕ್ಯಾಲಿಪರ್‌ಗೆ ಎಣ್ಣೆ ಒಯ್ಯುವ ರಬ್ಬರ್ ಹೋಸ್‌ಗೆ ಸೇರುವ ಕಡೆ ನಟ್ಟು ಸಡಿಲಿಸಿದೆ. ಅಲ್ಲಿ ಸ್ವಲ್ಪ ಎಣ್ಣೆ ಒಸರಿತು, ಚಕ್ರ ಮಾತ್ರ ಬಿಡಲಿಲ್ಲ. ಹಾಗಾದರೆ ತಡೆ ಇರುವುದು ಹೋಸ್‌ನಲ್ಲೇ. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟಿದ್ದರೆ ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ, ಇಲ್ಲವೇ ಪೆಡಲ್‌ಗೆ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲಿನ ಸಣ್ಣ ಸಡಿಲ) ಇದೆಯಾ ಅಂತ ನೋಡಬೇಕಿತ್ತು. ಆದರೆ ಅಂಥ ತೊಂದರೆ ಸಾಮಾನ್ಯವಾಗಿ ಒಂದೇ ಚಕ್ರಕ್ಕೆ ನಿಲ್ಲುವುದಿಲ್ಲ.

ಹಳೇ ಹೋಸ್ ಹೊರಗಿನಿಂದ ಚೆನ್ನಾಗೇ ಇತ್ತು, ಒಂದು ಬಿರುಕೂ ಇಲ್ಲ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ನಡುವೆ ಅದನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ ಇರುತ್ತಲ್ಲ, ಅದರೊಳಗೆ ತುಕ್ಕು ಪದರ ಪದರವಾಗಿ ಉಬ್ಬಿ ರಬ್ಬರನ್ನು ಹಿಸುಕಿಬಿಟ್ಟಿತ್ತು. ಸೈಕಲ್ ಕಡ್ಡಿ ತೂರುವಷ್ಟೂ ಜಾಗ ಉಳಿದಿರಲಿಲ್ಲ. ಕಾಲಿನ ಬಲಕ್ಕೆ ಎಣ್ಣೆ ಅದರೊಳಗೆ ನುಗ್ಗಿ ಹೋಗುತ್ತದೆ, ಆದರೆ ವಾಪಸ್ ತಳ್ಳಲು ಇರುವುದು ಪಿಸ್ಟನ್ ಸುತ್ತಲಿನ ರಬ್ಬರ್ ಸೀಲಿನ ಸಣ್ಣ ಸೆಳೆತ ಅಷ್ಟೇ.

ಬಲಗಡೆಯದಕ್ಕೂ ಅಷ್ಟೇ ವಯಸ್ಸು, ಅದಕ್ಕೇ ಎರಡೂ ಕಡೆ ಹೊಸ ಹೋಸ್ ಹಾಕಿದೆ. ತಾಮ್ರದ ವಾಷರ್‌ಗಳೂ ಹೊಸದು, ಹಳೆಯದನ್ನೇ ಹಾಕಿದರೆ ಒಸರುತ್ತವೆ. ಗಾಡಿಯ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿದ್ದ ಡಾಟ್ 3 ದರ್ಜೆಯ ಆಯಿಲ್ ಹೊಸ ಡಬ್ಬಿಯಿಂದಲೇ ಹಾಕಿ, ಪೈಪಿನೊಳಗೆ ಸೇರಿದ ಏರ್ ತೆಗೆದೆ. ತೆರೆದಿಟ್ಟ ಡಬ್ಬಿಯ ಎಣ್ಣೆ ತೇವ ಎಳೆದುಕೊಂಡಿರುತ್ತದೆ, ಬಿಸಿಗೆ ಬೇಗ ಕುದಿಯುತ್ತದೆ.

ಪೆಡಲ್ ಗಟ್ಟಿ ಇದೆ ಅಂತ ಖಾತ್ರಿ ಮಾಡಿಕೊಂಡು 20 ಕಿಲೋಮೀಟರ್ ಸಮತಟ್ಟು ರಸ್ತೆಯಲ್ಲಿ, ಬ್ರೇಕ್ ಆದಷ್ಟು ಕಮ್ಮಿ ಬಳಸಿ ಓಡಿಸಿ ಬಂದೆ. ಎರಡೂ ಚಕ್ರದ ಹತ್ತಿರ ಕೈ ಹಿಡಿದರೆ ಒಂದೇ ಥರ ಉಗುರುಬೆಚ್ಚಗೆ. ಮನೆಯ ಮುಂದಿನ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆದೆ. ಎರಡು ತಿಂಗಳಿಂದ ಅಲ್ಲೇ ನಿಂತುಬಿಡುತ್ತಿದ್ದ ಗಾಡಿ ಗೇಟಿನ ತನಕ ತಾನೇ ಉರುಳಿತು.