ಆಲೆಮನೆ ಬೆಲ್ಲ, ರಾತ್ರಿ ಒಂದು ಗಂಟೆ, ನನ್ನ ದವಡೆ ಹಲ್ಲು

ನಮ್ದು ಪಾಂಡವಪುರದ ಕಡೆ ಒಂದು ಸಣ್ಣ ಆಲೆಮನೆ. ಅಪ್ಪಂಗೆ ವಯಸ್ಸಾದ್ಮೇಲೆ ರಾತ್ರಿ ಪಾಳಿ ನಂದೇ, ಸಂಜೆ ಗಾಣ ಶುರು ಮಾಡಿದ್ರೆ ಕೊನೆ ಕೊಪ್ಪರಿಗೆ ಇಳಿಸೋ ಹೊತ್ಗೆ ಒಂದು ಒಂದೂವರೆ ಆಗೋದು. ಆ ಹೊತ್ತಲ್ಲಿ ಹಸಿವು ಬೇರೆ. ತೊಟ್ಟೀಲಿ ಆರ್ತಿರೋ ಬಿಸಿ ಬೆಲ್ಲನ ಕಬ್ಬಿನ ತುಂಡಲ್ಲಿ ಬಳ್ಕೊಂಡು, ಅದಕ್ಕೆ ಕೊಬ್ಬರಿ ಚೂರು ಹುರ್ಗಡ್ಲೆ ಸೇರಿಸಿ ಬಾಯಿಗ್ ಹಾಕ್ಕೊಂಡ್ರೆ ಹಲ್ಲಿಗೆಲ್ಲಾ ಮೆತ್ಕೊಳುತ್ತೆ, ನಾಲಿಗೇಲಿ ಬಿಡಿಸ್ಕೊಂಡು ಬಿಡಿಸ್ಕೊಂಡು ತಿನ್ನೋದು, ಮೇಲೊಂದು ಟೀ, ಆಮೇಲೆ ಅಲ್ಲೇ ಗೋಣಿಚೀಲ ಹಾಸ್ಕೊಂಡು ಮಲಗೋದು. ಮೂರು ವರ್ಷ ಹಿಂಗೇ ನಡೀತು.

ಎಡಗಡೆ ಕೆಳಗಿನ ದವಡೆ ಹಲ್ಲಲ್ಲಿ ಒಂದು ಕಪ್ಪು ಚುಕ್ಕೆ ಇತ್ತು, ಯಾವಾಗ ಗುಂಡಿ ಆಯ್ತೋ ಗೊತ್ತಿಲ್ಲ, ನಾಲಿಗೆ ಮಾತ್ರ ದಿನಾ ಅಲ್ಲಿಗೇ ಹೋಗೋದು. ತಣ್ಣೀರು ಕುಡಿದ್ರೆ ಜುಮ್ ಅನ್ನೋದು. ಲವಂಗ ಕಚ್ಕೊಂಡೆ, ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗ್ದೆ, ಎರಡು ತಿಂಗಳು ಹಂಗೇ ತಳ್ದೆ (ಇದು ನನ್ನ ದಡ್ಡತನ, ಆಗ್ಲೇ ಹೋಗಿದ್ರೆ ಬರೀ ಸಿಮೆಂಟ್ ಹಾಕಿ ಮುಗಿಸ್ತಿದ್ರಂತೆ). ಒಂದು ರಾತ್ರಿ ಕೊಪ್ಪರಿಗೆ ಒಲೆ ಮೇಲಿದ್ದಾಗ್ಲೇ ನೋವು ಕಿವಿ ತನಕ ಏರಿ, ಪಾಕ ಹದ ಮೀರಿ ಆ ಸಲದ ಬೆಲ್ಲ ಕರ್ರಗಾಯ್ತು. ಮಂಡ್ಯದಲ್ಲಿ ಡಾಕ್ಟ್ರ ಹತ್ರ ಹೋದ್ರೆ ರೂಟ್ ಕೆನಾಲ್ ಅಂದ್ರು, ಅಂದ್ರೆ ಹಲ್ಲಿನ ಒಳಗಿನ ಕೊಳೆತಿದ್ದು ತೆಗ್ದು ಬೇರಿನ ತನಕ ತುಂಬೋದು. ಮೂರು ಸಲ ಓಡಾಟ, ಮೇಲೊಂದು ಕ್ಯಾಪು.

ಡಾಕ್ಟ್ರಮ್ಮ ಏನ್ ತಿಂತೀರಾ ಅಂತ ಕೇಳಿದ್ದಕ್ಕೆ ನಾನು ಜೋರಾಗೇ ಹೇಳ್ದೆ, ನಾವು ಸಕ್ಕರೆ ಮುಟ್ಟಲ್ಲ ಮೇಡಂ, ಬರೀ ಬೆಲ್ಲ ಅಂತ. ಅವ್ರು ನಕ್ಬುಟ್ರು. ಬೆಲ್ಲದಲ್ಲೂ ಹೆಚ್ಚಿನ ಪಾಲು ಸುಕ್ರೋಸೇ, ಅಂದ್ರೆ ಸಕ್ಕರೇಲಿರೋದೇ, ಬಾಯಲ್ಲಿರೋ ಬ್ಯಾಕ್ಟೀರಿಯಾಗೆ ಎರಡೂ ಒಂದೇ, ತಿಂದು ಆಸಿಡ್ ಬಿಡ್ತವೆ, ಪಿಎಚ್ ಅಂತ ಹುಳಿ ಅಳೆಯೋ ಲೆಕ್ಕ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ, ಅದು ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್, ಅಂದ್ರೆ ಹಲ್ಲಿನ ಮೇಲಿನ ಗಟ್ಟಿ ಪದರ, ಕರಗೋಕೆ ಶುರು. ಎಚ್ಚರ ಇದ್ದಾಗ ಜೊಲ್ಲು ಅದನ್ನ ಅರ್ಧ ಮುಕ್ಕಾಲು ಗಂಟೇಲಿ ಸರಿ ಮಾಡ್ಕೊಳುತ್ತೆ, ನಿದ್ದೇಲಿ ಜೊಲ್ಲು ಊರೋದೇ ತೀರಾ ಕಮ್ಮಿ, ಅಂಟಿದ್ದು ಅಂಟ್ಕೊಂಡೇ ಇರುತ್ತೆ ಅಂದ್ರು. ಅಲ್ಲ ಮೇಡಂ, ನನ್ನ ದಿಂಬು ದಿನಾ ಒದ್ದೆ ಆಗುತ್ತಲ್ಲ ಅಂದೆ. ಅದು ಜಾಸ್ತಿ ಊರಿದ್ದಲ್ಲ ಕಣ್ರೀ, ನಿದ್ದೇಲಿ ನುಂಗೋದು ಕಮ್ಮಿ, ಬಾಯಿ ತೆಗ್ದು ಮಲಗ್ತೀರಾ, ಇರೋದು ಆಚೆ ಬರುತ್ತೆ ಅಷ್ಟೇ ಅಂದ್ರು.

ಮನೇಲಿ ಅಪ್ಪ ಒಪ್ಲಿಲ್ಲ. "ಬೆಲ್ಲ ತಿಂದೇ ಬೆಳ್ದಿರದು ಕಣ್ಲಾ ನಾನು, ನಂಗೇನಾಗದೆ?" ಅಂತ. ನಿಜಾನೇ, ಅವ್ರ ಹಲ್ಲು ಇವತ್ತಿಗೂ ಕಬ್ಬು ಸಿಗಿಯುತ್ತೆ. ಆದ್ರೆ ಅವ್ರು ಬೆಲ್ಲ ತಿನ್ತಿದ್ದುದು ಬೆಳಗ್ಗೆ ರೊಟ್ಟಿ ಜೊತೆ, ಎಂಟೂವರೆಗೆ ಮುದ್ದೆ ಉಂಡು ಬಾಯಿ ಮುಕ್ಕಳಿಸಿ ಮಲಗಿದ್ರೆ ಬೆಳಗಿನ್ ಜಾವದ ತನಕ ಒಂದು ತುತ್ತೂ ಇಲ್ಲ.

ಮೊದ್ಲು ಬೆಲ್ಲ ಪೂರ್ತಿ ಬಿಡ್ತೀನಿ ಅಂತ ಹೊರಟೆ, ನಾಲ್ಕೇ ದಿನ. ಆಲೆಮನೇಲಿ ಕೂತು ಬೆಲ್ಲ ಬಿಡೋದು ಆಗೋ ಮಾತಲ್ಲ. ಆಮೇಲೆ ಹೊತ್ತು ಬದಲಾಯಿಸ್ದೆ. ಒಂಬತ್ತಕ್ಕೆ ಮನೆಯಿಂದ ಬುತ್ತಿ ತರಿಸ್ಕೊಂಡು ಹೊಟ್ಟೆ ತುಂಬ ಮುದ್ದೆ ಸಾರು ಉಂಡ್ರೆ ಒಂದು ಗಂಟೆ ಹಸಿವು ಅರ್ಧ ಇಳಿಯುತ್ತೆ, ಉಳಿದಿದ್ದಕ್ಕೆ ಹುರಿದ ಕಡ್ಲೆಕಾಯಿ, ನೀರು. ಹದ ನೋಡೋಕೆ ಒಂದು ಚೂರು ನಾಲಿಗೆಗೆ ಇಟ್ರೆ ತಕ್ಷಣ ಮುಕ್ಕಳಿಸೋದು. ಟೀ ಸಕ್ಕರೆ ಇಲ್ದೆ, ಇದೇ ಎಲ್ಲಕ್ಕಿಂತ ಕಷ್ಟ ಆಗಿದ್ದು. ಮಲಗೋಕ್ ಮುಂಚೆ ಬ್ರಷ್ಷು, ಫ್ಲೋರೈಡ್ ಇರೋ ಪೇಸ್ಟು, ಉಜ್ಜಿದ್ಮೇಲೆ ನೊರೆ ಉಗಿದು ಸುಮ್ನಾಗೋದು, ನೀರು ಹಾಕಿ ಗಳಗಳ ಅನ್ಬಾರ್ದಂತೆ, ಪೇಸ್ಟಿನ ಫ್ಲೋರೈಡ್ ಹಲ್ಲಿಗೆ ತಾಗಿರ್ಬೇಕಂತೆ. ನಿಂಬೆಹಣ್ಣು ಹಿಂಡಿದ ಕಬ್ಬಿನ ಹಾಲು ಕುಡಿದಿದ್ರೆ ಮಾತ್ರ ಅರ್ಧ ಗಂಟೆ ತಡೆದು ಉಜ್ಜೋದು, ಹುಳಿಗೆ ಎನಾಮಲ್ ಮೆತ್ತಗಾಗಿರುತ್ತೆ.

ಬ್ರಷ್ಷು ಈಗ ಗಾಣದ ಸ್ವಿಚ್ ಬೋರ್ಡ್ ಪಕ್ಕ ಮೊಳೇಲಿ ನೇತಾಡ್ತಿದೆ. "ಸಾವ್ಕಾರ್ರು ನಡುರಾತ್ರೀಲಿ ಯಾರ್ ಮದ್ವೆಗೆ ಹೊಂಟವ್ರೆ" ಅಂತ ಒಲೆ ಉರಿ ಹಾಕೋನು ದಿನಾ ರೇಗಿಸ್ತಾನೆ. ಆರು ತಿಂಗಳಾದ್ಮೇಲೆ ತೋರಿಸೋಕ್ ಹೋದಾಗ ಹೊಸದಾಗಿ ಯಾವ್ದೂ ಹುಳುಕಿಲ್ಲ ಅಂದ್ರು, ಬಲಗಡೆ ಒಂದು ಬಿಳಿ ಮಚ್ಚೆ ಇದೆ, ಹುಳುಕು ಶುರು ಆಗೋ ಮೊದಲ ಗುರುತು, ಅಲ್ಲಿಗೇ ನಿಂತಿದೆ, ಅದನ್ನ ನೋಡ್ತಾ ಇರಣ ಅಂದ್ರು. ಬಿಸಿ ಬೆಲ್ಲ ಈಗ್ಲೂ ಎತ್ತಿಡ್ತೀನಿ, ಬಾಳೆಎಲೇಲಿ ಸುತ್ತಿ, ಬೆಳಗ್ಗೆ ಅಪ್ಪಂಗೂ ನಂಗೂ ರೊಟ್ಟಿ ಜೊತೆ.